ಫಾದರ್ ಸಲ್ಡಾನ್ಹರವರ ಸಸ್ಯಸಂಗ್ರಹವೂ ಸಸ್ಯನಾಮನಿರ್ಣಯವೂ

ಪ್ರಾಚೀನ ಕಾವ್ಯಗಳ ವನವರ್ಣನೆಗೆ ಟೀಕೆ ಬರೆಯುವಾಗ ಅಪರಿಚಿತವಾದ ಮರದ ಹೆಸರೊಂದು ಎದುರಾದರೆ ‘ವೃಕ್ಷವಿಶೇಷ’ ಎಂದು ಬರೆದು ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ತರಗತಿಯಲ್ಲಿ ಪಾಠ ಹೇಳುವವರೂ ಇದೇ ಮಾರ್ಗವನ್ನು ಹಿಡಿಯುವರು. ಅದು ಯಾವ ವೃಕ್ಷ, ಅದರ ಎಲೆ ಹೂಗಳು ಎಂತಹವು ಎಂದು ವಿದ್ಯಾರ್ಥಿಯು ಕೇಳಿದನಾದರೆ ಉತ್ತರವು ಸುಲಭವಲ್ಲ. ಈ ಪ್ರಶ್ನೆಗೆ ಬೇಕಾದ ಸಾಧನವನ್ನು ಕನ್ನಡನಾಡಿನಲ್ಲಿಯೇ ಕಟ್ಟಿಟ್ಟವರಲ್ಲಿ ಫಾದರ್ ಸೆಸಿಲ್ ಜಾನ್ ಸಲ್ಡಾನ್ಹರವರು (1926–2002) ಪ್ರಮುಖರು. ಅವರು ಸಸ್ಯಶಾಸ್ತ್ರಜ್ಞರು, ಸಾಹಿತ್ಯಪಂಡಿತರಲ್ಲ. ಆದರೂ ಅವರ ಕಾರ್ಯವು ನಮಗೇಕೆ ಬೇಕೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ತೊಡಕಿನ ಸ್ವರೂಪವನ್ನು ನೋಡೋಣ. ಹೊನ್ನೆಯೆಂಬುದು ಗಾಯವಾದರೆ ಕೆಂಪು ರಸವನ್ನು ಸುರಿಸುವ ಮರ. ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದುದು. ಶಾಸ್ತ್ರೀಯ ನಾಮ ಟೆರೊಕಾರ್ಪಸ್ ಮಾರ್ಸುಪಿಯಮ್. ಸುರಹೊನ್ನೆಯು ಸಂಸ್ಕೃತದ ಪುನ್ನಾಗ, ಕ್ಯಾಲೊಫಿಲಮ್ ಇನೊಫಿಲಮ್. ಹೆಸರಿನಲ್ಲಿ ಹೊನ್ನೆಯಿದ್ದರೂ ಹೊನ್ನೆಗೂ ಇದಕ್ಕೂ ನಂಟಿಲ್ಲ. ಸುರಗಿಯು ಇವೆರಡೂ ಅಲ್ಲದ ಮಮ್ಮಿಯ ಸುರಿಗ. ನಾಗಸಂಪಿಗೆಯು ಮೆಸುವ ಫೆರಿಯ. ನಾಗಸಂಪಿಗೆಯ ಕೇಸರವೇ ನಾಗಕೇಸರವೆಂದು ಪ್ರಸಿದ್ಧವಾಗಿದ್ದರೂ ಗಂಧಿಗೆಯ ಅಂಗಡಿಗಳಲ್ಲಿ ಸುರಗಿಯ ಒಣಮೊಗ್ಗುಗಳೂ ಅದೇ ಹೆಸರಿನಿಂದ ಮಾರಾಟವಾಗುವುವು. ಬ್ರಾಹ್ಮಿಯ ವಿಷಯವೂ ಹೀಗೆಯೇ. ಕೆಲವರು ಒಂದೆಲಗವನ್ನೂ ಕೆಲವರು ನೀರುಬ್ರಾಹ್ಮಿಯನ್ನೂ ಆ ಹೆಸರಿನಿಂದ ಕರೆಯುವರು. ಇವು ಬೇರೆ ಬೇರೆ ಕುಟುಂಬಗಳ ಸಸ್ಯಗಳು. ಪರ್ಯಾಯಪದಗಳನ್ನು ಎಷ್ಟು ಕೂಡಿಸಿದರೂ ಇಂತಹ ಸಂಶಯವು ನೀಗದು. ಶಬ್ದದಿಂದ ಶಬ್ದಕ್ಕೆ ಹೋದೆವೇ ಹೊರತು ವಸ್ತುವನ್ನು ಮುಟ್ಟಲಿಲ್ಲ.

ನೈಯಾಯಿಕರು ಉಪಮಾನಪ್ರಮಾಣಕ್ಕೆ ಕೊಡುವ ಉದಾಹರಣೆಯು ಸರ್ವವಿದಿತವಾದುದು. ಗವಯವು ಹಸುವಿನಂತೆ ಇರುವುದೆಂದು ಕಾಡಿನವನಿಂದ ಕೇಳಿದ ನಗರವಾಸಿಯು ಅರಣ್ಯದಲ್ಲಿ ಅಂತಹ ಪ್ರಾಣಿಯನ್ನು ಕಂಡಾಗಲೇ ಆ ಹೆಸರಿನ ಅರ್ಥವನ್ನು ನಿಶ್ಚಯಿಸುವನು. ಸಂಜ್ಞೆಗೂ ಸಂಜ್ಞಿಗೂ ಇರುವ ಸಂಬಂಧವು ಪ್ರತ್ಯಕ್ಷದರ್ಶನವಿಲ್ಲದೆ ಸಿದ್ಧಿಸದು. ಆ ದರ್ಶನವನ್ನು ಎಲ್ಲ ಕಾಲಕ್ಕೂ ಎಲ್ಲರಿಗೂ ದೊರೆಯುವಂತೆ ಕಾಪಿಡುವ ಸ್ಥಾನವೇ ಹರ್ಬೇರಿಯಂ, ಎಂದರೆ ಒಣಸಸ್ಯಗಳ ಸಂಗ್ರಹಾಲಯ.

ಅದರ ಕ್ರಮವು ಹೀಗಿದೆ. ಹೂವು, ಸಾಧ್ಯವಾದರೆ ಕಾಯಿಯೂ ಇರುವ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಹುಳು ಹಿಡಿಯದಂತೆ ಸಂಸ್ಕರಿಸಿ, ದಪ್ಪ ಹಾಳೆಗೆ ಅಂಟಿಸುವರು ಇಲ್ಲವೆ ಹೊಲಿಯುವರು. ಕೆಳಮೂಲೆಯ ಚೀಟಿಯಲ್ಲಿ ಸಸ್ಯನಾಮ, ದೊರೆತ ಸ್ಥಳ, ದಿನಾಂಕ, ನೆಲದ ಬಗೆ, ಸಂಗ್ರಾಹಕನ ಹೆಸರು, ಅವನಿತ್ತ ಸಂಖ್ಯೆ ಇವಿಷ್ಟನ್ನೂ ಬರೆದಿಡುವರು. ಒಣಗಿದ ಮೇಲೆ ಉಳಿಯದ ಬಣ್ಣ, ವಾಸನೆ, ಮರದ ಎತ್ತರ ಮೊದಲಾದುವು ಚೀಟಿಯಲ್ಲಿಲ್ಲದಿದ್ದರೆ ಶಾಶ್ವತವಾಗಿ ನಷ್ಟವಾದಂತೆಯೇ. ಹೊಸ ಸಸ್ಯಕ್ಕೆ ಹೆಸರಿಡುವಾಗ ಆಧಾರವಾದ ಹಾಳೆಯು ಮೂಲಪ್ರತಿಯ ಸ್ಥಾನವನ್ನು ಪಡೆಯುವುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗೆ ಯಾವ ಸ್ಥಾನವೋ ಹರ್ಬೇರಿಯಂನಲ್ಲಿ ಆ ಹಾಳೆಗೆ ಅದೇ ಸ್ಥಾನ. ಮುದ್ರಿತ ಪಾಠದಲ್ಲಿ ಸಂದೇಹ ಬಂದರೆ ನಾವು ಗರಿಯನ್ನು ನೋಡುವೆವು. ಅವರು ಹಾಳೆಯನ್ನು ನೋಡುವರು.

ನಮ್ಮ ನಾಡಿನ ಮೊದಲ ಹಾಳೆಗಳು ನಾಡಿನಲ್ಲಿ ನಿಲ್ಲಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಾಲಿನ್ ಮೆಕೆಂಜಿಯು ನಡೆಸಿದ ಮೈಸೂರು ಸರ್ವೆಯಲ್ಲಿ ಬೆಂಜಮಿನ್ ಹೇನೆಯು ಸಸ್ಯತಜ್ಞನಾಗಿದ್ದನು. ಅವನು ದಕ್ಷಿಣಭಾರತದಲ್ಲಿ ಕೂಡಿಸಿದ ಸಸ್ಯಗಳು ಜರ್ಮನಿಯ ರೋತ್ ಎಂಬ ವಿದ್ವಾಂಸನಿಗೆ ತಲುಪಿ, 1821ರಲ್ಲಿ ಲ್ಯಾಟಿನ್ ಗ್ರಂಥವಾಗಿ ಹೊರಬಂದುವು. ಹೀಗೆ ಇಲ್ಲಿನ ಗಿಡದ ಹೆಸರನ್ನು ನಿಶ್ಚಯಿಸಬೇಕಾದವರು ಯೂರೋಪಿನ ಕಪಾಟುಗಳ ಕಡೆಗೆ ನೋಡಬೇಕಾಯಿತು.

ಸಲ್ಡಾನ್ಹರವರ ಮಹತ್ತ್ವವು ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುವುದು. ಜೆಸುಯಿಟ್ ಸಂಘದ ಪಾದ್ರಿಗಳಾದ ಇವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಸಂತಾಪೌರವರ ಶಿಷ್ಯಪರಂಪರೆಯವರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು ಅಲ್ಲಿಯೇ ಹರ್ಬೇರಿಯಂ ಒಂದನ್ನು ಬೆಳೆಸಿದರು. ಮೊದಲ ದೊಡ್ಡ ಕಾರ್ಯಕ್ಕೆ ಅವರು ಆರಿಸಿಕೊಂಡುದು ಹಾಸನ ಜಿಲ್ಲೆಯನ್ನು. ಪಶ್ಚಿಮಕ್ಕೆ ಸಕಲೇಶಪುರ, ಬಿಸಿಲೆಗಳ ನಿತ್ಯಹರಿದ್ವರ್ಣದ ಕಾಡು. ಪೂರ್ವಕ್ಕೆ ಅರಸೀಕೆರೆಯ ಒಣಬಯಲು. ಮಲೆನಾಡೂ ಮೈದಾನವೂ ಒಂದೇ ಜಿಲ್ಲೆಯಲ್ಲಿ ಕೂಡಿರುವುದರಿಂದ ಈ ಆಯ್ಕೆಯು ಔಚಿತ್ಯಪೂರ್ಣವಾದುದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್‌ರವರೊಡನೆ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥವು 1976ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿ ದುಡಿದ ಕೆ. ಎನ್. ಗಾಂಧಿಯವರು ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿ ಸಸ್ಯನಾಮಶಾಸ್ತ್ರದ ಪರಿಣತರೆನಿಸಿದರು. ಮೈಸೂರು ಜಿಲ್ಲೆಗೆ ಸಂಬಂಧಿಸಿದಂತೆ ಆರ್. ಆರ್. ರಾವ್ ಮತ್ತು ಬಿ. ಎ. ರಜಿಯವರ ಗ್ರಂಥವು 1981ರಲ್ಲಿ ಬಂದಿತು.

ಬಳಿಕ ಸಲ್ಡಾನ್ಹರವರು ಇಡೀ ಕರ್ಣಾಟಕದ ಸಸ್ಯಗ್ರಂಥಕ್ಕೆ ಕೈಹಚ್ಚಿದರು. ಮೊದಲ ಸಂಪುಟವು 1984ರಲ್ಲಿಯೂ ಎರಡನೆಯದು 1996ರಲ್ಲಿಯೂ ಹೊರಬಂದುವು. ಸಂಪಿಗೆಯ ಕುಟುಂಬದಿಂದ ತೊಡಗಿದ ಗ್ರಂಥವು ಕೊತ್ತಂಬರಿ, ಒಂದೆಲಗಗಳ ಕುಟುಂಬದವರೆಗೆ ಸಾಗಿತು. ತುಂಬೆ, ತುಳಸಿ, ಮಲ್ಲಿಗೆ, ಹುಲ್ಲು, ತಾಳೆಗಳ ಕುಟುಂಬಗಳು ಉಳಿದುವು; 2002ರಲ್ಲಿ ಅವರು ದಿವಂಗತರಾದರು. ಗ್ರಂಥವು ಅಪೂರ್ಣವಾದರೂ ಅದಕ್ಕೆ ಆಧಾರವಾದ ಹಾಳೆಗಳು ವ್ಯರ್ಥವಾಗಲಿಲ್ಲ. ಅವರ ಹರ್ಬೇರಿಯಂ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರವಿಜ್ಞಾನ ಕೇಂದ್ರದಲ್ಲಿದ್ದು, ಜೆಸಿಬಿ ಎಂಬ ಸಂಕೇತದಿಂದ ವಿದ್ವಲ್ಲೋಕಕ್ಕೆ ಪರಿಚಿತವಾಗಿದೆ.

ಗ್ರಂಥಕ್ಕಿಂತ ಹಾಳೆಯು ಬಾಳಿಕೆಯುಳ್ಳದ್ದೆಂಬುದಕ್ಕೆ ಒಂದು ನಿದರ್ಶನ. ಮೊದಲ ಸಂಪುಟವು ಬಂದಾಗ ನಮ್ಮ ಕರಿಜಾಲಿಗೆ ಅಕೇಶಿಯ ಎಂಬ ಜಾತಿನಾಮವಿದ್ದಿತು. 2005ರ ವಿಯೆನ್ನಾ ಸಮ್ಮೇಳನದ ನಿರ್ಣಯದಂತೆ ಆ ಹೆಸರು ಆಸ್ಟ್ರೇಲಿಯದ ಮರಗಳಿಗೆ ಉಳಿದು, ಕರಿಜಾಲಿಯು ವೆಚೆಲಿಯ ಎನಿಸಿತು. ಅಚ್ಚಾದ ಹೆಸರು ಹಳತಾಯಿತು. ಹಾಳೆಯಲ್ಲಿರುವ ಜಾಲಿಯು ಜಾಲಿಯಾಗಿಯೇ ಇದೆ. ಹೊಸ ಚೀಟಿಯೊಂದನ್ನು ಅಂಟಿಸಿದರೆ ಸಾಕು.

ಆದರೆ ಹಾಳೆಯೊಂದರಿಂದಲೇ ಎಲ್ಲವೂ ಸಿದ್ಧಿಸುವುದೆಂದು ಭಾವಿಸಲಾಗದು. ಗೋಪಾಲಕರೂ ಅಜಪಾಲಕರೂ ವನವಾಸಿಗಳೂ ಓಷಧಿಗಳನ್ನು ನಾಮರೂಪಗಳಿಂದ ಬಲ್ಲರೆಂದು ಚರಕನು ಹೇಳಿರುವನು. ಊರಿನವರ ಬಾಯಲ್ಲಿರುವ ಹೆಸರನ್ನು ಕೇಳಿ ಬರೆದುಕೊಳ್ಳದಿದ್ದರೆ ಲ್ಯಾಟಿನ್ ನಾಮವು ನಮಗೆ ದೊರೆತರೂ ಕನ್ನಡ ನಾಮವು ಕೈತಪ್ಪುವುದು. ಇಂದಿನವರು ಸುರಗಿಯೆನ್ನುವುದನ್ನೇ ಸಾವಿರ ವರ್ಷಗಳ ಹಿಂದಿನ ಕವಿಯೂ ಸುರಗಿಯೆಂದನೇ ಎಂಬುದನ್ನು ಸಸ್ಯಶಾಸ್ತ್ರಜ್ಞನು ಹೇಳಲಾರನು. ಕವಿಯು ಹೇಳಿದ ಋತು, ಬಣ್ಣ, ಪರಿಮಳಗಳನ್ನು ಹಾಳೆಯ ಚೀಟಿಯೊಡನೆ ಹೋಲಿಸಿ ನೋಡುವ ಕಾರ್ಯವು ನಮ್ಮದು. ಸಲ್ಡಾನ್ಹರವರು ತಮ್ಮ ಪಾಲಿನ ಕೆಲಸವನ್ನು ಮಾಡಿಹೋಗಿರುವರು. ಮುಂದಿನ ಸಂಪಾದಕರು ‘ವೃಕ್ಷವಿಶೇಷ’ ಎಂದು ಬರೆಯುವ ಮುನ್ನ ಒಮ್ಮೆ ಹರ್ಬೇರಿಯಂನ ಕಪಾಟನ್ನು ತೆರೆಸಿ ನೋಡಿ, ಕಂಡ ಹಾಳೆಯ ಸಂಖ್ಯೆಯನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವರಾದರೆ ನಮ್ಮ ಪಾಲಿನ ಕೆಲಸವೂ ಆರಂಭವಾದಂತಾಗುವುದು.