ಮಧ್ಯಾಹ್ನದ ವರದಿ ಮತ್ತು ಅನಿಲದ ಹಡಗು

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಈಗ ಅಡುಗೆ ಅನಿಲ ಕೊಳವೆಯಲ್ಲೇ ಬರುತ್ತದೆ. ಕತಾರ್‌ನ ರಾಸ್ ಲಫಾನ್ ಬಂದರಿನಲ್ಲಿ ದ್ರವರೂಪದಲ್ಲಿ ಹಡಗು ಹತ್ತಿ, ಹೊರ್ಮುಜ್ ಜಲಸಂಧಿ ದಾಟಿ, ಗುಜರಾತಿನ ದಹೇಜ್‌ನಲ್ಲಿ ಇಳಿದು, ಮತ್ತೆ ಅನಿಲವಾಗಿ ದಾಭೋಲ್–ಬೆಂಗಳೂರು ಪೈಪ್‌ಲೈನ್ ಸೇರುವ ಸರಕಿನ ಪಾಲೂ ಅದರಲ್ಲಿರುತ್ತದೆ. ಪೈಪ್‌ಲೈನಿನ ಕಥೆ ನಮಗೆ ಅಷ್ಟಿಷ್ಟು ಗೊತ್ತು. ಅದಕ್ಕೂ ಹಿಂದಿನ ಕಡಲ ದಾರಿಯನ್ನು ದಡದ ಕಚೇರಿಯಲ್ಲಿ ಕೂತು ಹಗಲೂ ರಾತ್ರಿ ಕಾಯುವವರ ಕೆಲಸ ಮಾತ್ರ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

2004ರ ಜನವರಿಯಲ್ಲಿ ದೇಶದ ಮೊದಲ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಸರಕನ್ನು ದಹೇಜ್‌ಗೆ ತಂದ ಹಡಗು ‘ದಿಶಾ’. ದಕ್ಷಿಣ ಕೊರಿಯಾದಲ್ಲಿ ಕಟ್ಟಿದ ಇದರ ತೊಟ್ಟಿಗಳು ಸುಮಾರು 1,38,000 ಘನ ಮೀಟರ್ ದ್ರವ ಹಿಡಿಯುತ್ತವೆ. ಆಮೇಲೆ ‘ರಾಹಿ’, ‘ಅಸೀಮ್’, ‘ಪ್ರಚಿತಿ’ ಬಂದವು. ಇವುಗಳ ನಿರ್ವಹಣೆ ಮುಂಬೈನ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾಕ್ಕೆ ಬಂತು.

ಹಡಗು ಎಲ್ಲಿದೆ ಎಂದು ತಿಳಿಯುವುದು ಇಂದು ಕಷ್ಟವಲ್ಲ. ಎಐಎಸ್ ಎಂಬ ರೇಡಿಯೊ ಸಾಧನ ಹಡಗಿನ ಗುರುತು, ಸ್ಥಾನ, ವೇಗ, ದಿಕ್ಕುಗಳನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಬಿತ್ತರಿಸುತ್ತದೆ. ದಡದ ಗ್ರಾಹಕಗಳು, ಉಪಗ್ರಹಗಳು ಅದನ್ನು ಹಿಡಿದು ನಕ್ಷೆಯ ಮೇಲೆ ಚುಕ್ಕೆ ಇಡುತ್ತವೆ. ಆದರೆ ಮುಂದಿನ ಬಂದರು ಯಾವುದು, ಹಡಗು ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಎಂಬಂಥ ವಿವರಗಳನ್ನು ಅಧಿಕಾರಿಯೊಬ್ಬರು ಕೈಯಾರೆ ತುಂಬಬೇಕು. ಕಚ್ಚಾ ತೈಲದ ಹಡಗಾದರೆ ಹೊರೆ ಇದ್ದಾಗಿನ ಮತ್ತು ಇಲ್ಲದಾಗಿನ ಆಳಗಳ ನಡುವೆ ದೊಡ್ಡ ಅಂತರ. ಎಲ್‌ಎನ್‌ಜಿ ನೀರಿನ ಅರ್ಧದಷ್ಟೂ ತೂಗುವುದಿಲ್ಲ. ಹಾಗಾಗಿ ಅದರ ಹಡಗಿನಲ್ಲಿ ಈ ಅಂತರ ಎರಡು ಮೀಟರಿನ ಆಸುಪಾಸು ಮಾತ್ರ. ಅಧಿಕಾರಿ ಹಳೆಯ ಅಂಕಿಯನ್ನೇ ಉಳಿಸಿಬಿಟ್ಟರೆ ಖಾಲಿ ಹಡಗು ತುಂಬಿದ್ದೆಂದು ಕಾಣುತ್ತದೆ. ಸ್ಥಾನವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: 2025ರ ಜೂನ್‌ನಲ್ಲಿ ಹೊರ್ಮುಜ್ ಸುತ್ತ ಜಿಪಿಎಸ್ ಸಂಕೇತಗಳಿಗೆ ಅಡ್ಡಿಯಾದಾಗ ಎಷ್ಟೋ ಹಡಗುಗಳ ಚುಕ್ಕೆಗಳು ನೆಲದ ಮೇಲೆ ಕಾಣಿಸಿಕೊಂಡವು.

ಹಾಗಾಗಿಯೇ ನೂನ್ ರಿಪೋರ್ಟಿಗೆ ಇಂದಿಗೂ ಬೆಲೆ. ದಿನವೂ ಮಧ್ಯಾಹ್ನ ಕ್ಯಾಪ್ಟನ್ ದಡದ ಕಚೇರಿಗೆ ಕಳಿಸುವ ಈ ವರದಿಯಲ್ಲಿ ಸ್ಥಾನ, ಕ್ರಮಿಸಿದ ದೂರ, ಗಾಳಿ, ಅಲೆ, ಉರಿದ ಇಂಧನದ ಲೆಕ್ಕ ಎಲ್ಲವೂ ಇರುತ್ತವೆ. ಅನಿಲದ ಹಡಗಾದರೆ ಪ್ರತಿ ತೊಟ್ಟಿಯ ಮಟ್ಟ, ತಾಪಮಾನ, ಒತ್ತಡವೂ ಬೇಕು. ನನಗೆ ಈ ವೃತ್ತಿಯ ಜೀವ ಕಾಣುವುದು ಆ ಮೂರು ಅಂಕಣಗಳಲ್ಲಿ.

ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದರೆ ಅದರ ಗಾತ್ರ ಸುಮಾರು 600 ಪಟ್ಟು ಕುಗ್ಗಿ ದ್ರವವಾಗುತ್ತದೆ. ಅದನ್ನು ಹಿಡಿದಿಡುವುದು, ಒಂದು ಬಗೆಯ ತೊಟ್ಟಿಗಳಲ್ಲಿ, ನಿಕಲ್ ಬೆರೆಸಿದ ಇನ್ವಾರ್ ಎಂಬ ಉಕ್ಕಿನ ಬರೀ 0.7 ಮಿಲಿಮೀಟರ್ ದಪ್ಪದ ಹಾಳೆ. ಅದರ ಹಿಂದೆ ಶಾಖನಿರೋಧಕ ಪದರಗಳು. ಎಷ್ಟೇ ಕಾಪಾಡಿದರೂ ಹೊರಗಿನ ಶಾಖ ಒಳಗೆ ನುಸುಳಿ ದ್ರವದ ಒಂದಿಷ್ಟು ಭಾಗ ಆವಿಯಾಗುತ್ತಲೇ ಇರುತ್ತದೆ. ‘ದಿಶಾ’ದ ಪೀಳಿಗೆಯ ಹಡಗುಗಳಲ್ಲಿ ಇದು ದಿನಕ್ಕೆ ಸರಕಿನ ಶೇ 0.15ರ ಆಸುಪಾಸು, ಅಂದರೆ ಸುಮಾರು ಇನ್ನೂರು ಘನ ಮೀಟರ್ ದ್ರವ. ಆ ಆವಿಯನ್ನು ಬಾಯ್ಲರಿಗೆ ಹರಿಸಿ, ಉಗಿ ಎಬ್ಬಿಸಿ, ಹಡಗನ್ನೇ ಓಡಿಸುತ್ತಾರೆ. ಸರಕು ಇಳಿಸುವಾಗಲೂ ತೊಟ್ಟಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದಿಷ್ಟು ದ್ರವ ಉಳಿಸಿಕೊಂಡೇ ಮರಳುತ್ತಾರೆ. ತೊಟ್ಟಿ ಬೆಚ್ಚಗಾದರೆ ಮತ್ತೆ ತಣಿಸದೆ ತುಂಬುವಂತಿಲ್ಲ, ರಾಸ್ ಲಫಾನ್‌ನಲ್ಲಿ ಸಮಯ ವ್ಯರ್ಥವಾಗುತ್ತದೆ.

ದಹೇಜ್ ಇರುವುದು ಖಂಭಾತ್ ಕೊಲ್ಲಿಯಲ್ಲಿ. ಅಲ್ಲಿನ ಭರತ ಇಳಿತಗಳ ಅಂತರ ದೊಡ್ಡದು, ನೀರಿನ ಸೆಳೆತ ಜೋರು. ಹಡಗು ಜೆಟ್ಟಿಗೆ ತಾಗಲು ಸೆಳೆತ ತಗ್ಗುವ ಹೊತ್ತನ್ನೇ ಕಾಯಬೇಕು. ಬೇಗ ಬಂದು ಲಂಗರು ಹಾಕಿ ಕೂರುವ ಬದಲು ದಾರಿಯಲ್ಲೇ ವೇಗ ತಗ್ಗಿಸಿ ಬನ್ನಿ ಎಂದು ದಡದವರು ಹೇಳುವುದು ಸಹಜ. ಬೇರೆ ಹಡಗಾದರೆ ಅದು ಉಳಿತಾಯವೇ ಸರಿ. ಇಲ್ಲಿ ಹಾಗಲ್ಲ: ವೇಗ ತಗ್ಗಿದರೆ ಎಂಜಿನ್‌ಗೆ ಬೇಕಾದ ಅನಿಲ ಕಡಿಮೆಯಾಗುತ್ತದೆ, ಆವಿಯಾಗುವುದು ಮಾತ್ರ ಕಡಿಮೆಯಾಗುವುದಿಲ್ಲ. ಹೆಚ್ಚುವರಿ ಆವಿ ಸೇರಿ ಒತ್ತಡ ಏರತೊಡಗುತ್ತದೆ. ಇಂಥ ತೊಟ್ಟಿಯ ಸುರಕ್ಷಾ ಕವಾಟ ಸಾಮಾನ್ಯವಾಗಿ 250 ಮಿಲಿಬಾರ್ ಸುಮಾರಿಗೇ ತೆರೆದುಕೊಳ್ಳುತ್ತದೆ. ಅಲ್ಲಿಗೆ ಹೋಗಬಾರದೆಂದರೆ ಹೆಚ್ಚುವರಿ ಅನಿಲವನ್ನು ಬಾಯ್ಲರಿನಲ್ಲಿ ಉರಿಸಿ, ಹುಟ್ಟಿದ ಉಗಿಯನ್ನು ಕೆಲಸಕ್ಕೆ ಹಚ್ಚದೆ ಕಂಡೆನ್ಸರಿಗೆ ಬಿಡಬೇಕು. ಹಣ ಕೊಟ್ಟು ಕೊಂಡ ಸರಕು ಹಾಗೆ ಸುಮ್ಮನೆ ಉರಿದುಹೋಗುತ್ತದೆ. ವೇಗ ಎಷ್ಟಿರಬೇಕೆಂದು ಸೂಚಿಸುವ ಮೊದಲು ಕಚೇರಿಯ ಮೇಜಿನ ಮುಂದೆ ಕೂತವರು ಆ ಮಧ್ಯಾಹ್ನದ ಒತ್ತಡದ ಅಂಕಣವನ್ನು ಓದಲೇಬೇಕು. ಓದಿ ಸೂಚಿಸಿದ ವೇಗಕ್ಕೂ ಕ್ಯಾಪ್ಟನ್ ‘ಆಗುವುದಿಲ್ಲ’ ಎಂದರೆ, ಹಡಗಿನ ಸುರಕ್ಷತೆಯ ವಿಷಯದಲ್ಲಿ ಕೊನೆಯ ಮಾತು ಅವರದ್ದೇ.