ತೋಳುಪಟ್ಟಿ ಇಲ್ಲದೆ ಬಿ.ಪಿ. ಅಳೆಯಬಹುದೆ?

ಕೊಪ್ಪಳ: ಮಣಿಕಟ್ಟಿಗೆ ಗಡಿಯಾರ ಕಟ್ಟಿಕೊಂಡರೆ ಸಾಕು, ರಕ್ತದೊತ್ತಡ ತಾನೇ ತಿಳಿಯುತ್ತದೆ ಎಂಬ ಜಾಹೀರಾತುಗಳು ಮೊಬೈಲ್ ಮೂಲಕ ಹಳ್ಳಿಗಳನ್ನೂ ತಲುಪುತ್ತಿವೆ. ಆದರೆ ಆ ಅಂಕಿಯನ್ನು ನಂಬಿ ಬಿ.ಪಿ. ಮಾತ್ರೆ ನಿಲ್ಲಿಸಬಹುದೆ? ಇದಕ್ಕೆ ಉತ್ತರ ಅಡಗಿರುವುದು ಅಪಧಮನಿಯ ಗೋಡೆಯಲ್ಲಿ.

ಪಟ್ಟಿ ಮಾಡುವುದೇನು?: 1896ರಲ್ಲಿ ಇಟಲಿಯ ವೈದ್ಯ ರಿವಾ-ರೊಚ್ಚಿ ತೋಳುಪಟ್ಟಿಯ ಉಪಕರಣ ರೂಪಿಸಿದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್, ಸ್ಟೆಥಾಸ್ಕೋಪ್‌ನಲ್ಲಿ ಸದ್ದು ಆಲಿಸಿ ಒತ್ತಡ ಗುರುತಿಸುವ ಕ್ರಮ ತಿಳಿಸಿದರು. ಇಲ್ಲಿ ಪಟ್ಟಿಯ ಒತ್ತಡವು ರಕ್ತದ ಒತ್ತಡಕ್ಕೆ ನೇರವಾಗಿ ಎದುರು ನಿಲ್ಲುತ್ತದೆ. ಪಟ್ಟಿರಹಿತ ಸಾಧನ ಏನನ್ನೂ ಅದುಮುವುದಿಲ್ಲ. ಅದು ಲೆಕ್ಕ ಹಾಕಿ ಅಂದಾಜಿಸುತ್ತದೆ.

ನಾಡಿಯ ಅಲೆ: ಹೃದಯ ಮಿಡಿದಾಗ ಅಪಧಮನಿಯ ಗೋಡೆಯಗುಂಟ ಒಂದು ಅಲೆ ಸಾಗುತ್ತದೆ. ಅದರ ವೇಗ ಸೆಕೆಂಡಿಗೆ ಹಲವು ಮೀಟರ್. ರಕ್ತದ ಹರಿವಿಗಿಂತ ಬಹಳ ಹೆಚ್ಚು. ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿ ರೈತರಿಗೆ ಇದು ಸುಲಭವಾಗಿ ಅರ್ಥವಾದೀತು. ಮೆತ್ತನೆಯ ಪೈಪು ಉಬ್ಬಿ ನೀರಿನ ಹೊಡೆತವನ್ನು ತಡೆದುಕೊಂಡರೆ, ಗಟ್ಟಿ ಪೈಪು ಅದನ್ನು ತಕ್ಷಣ ಮುಂದಕ್ಕೆ ದಾಟಿಸುತ್ತದೆ. ಒತ್ತಡ ಏರಿದಂತೆ ಅಪಧಮನಿಯ ಗೋಡೆಯಲ್ಲಿ ಮೃದುವಾದ ಎಲಾಸ್ಟಿನ್ ಎಳೆಗಳ ಜೊತೆಗೆ ಬಿರುಸಾದ ಕೊಲಾಜೆನ್ ಎಳೆಗಳೂ ಬಿಗಿಯುತ್ತವೆ. ಗೋಡೆ ಗಟ್ಟಿಯಾಗಿ ಅಲೆ ಬೇಗ ತಲುಪುತ್ತದೆ.

ಸಮೀಕರಣ ಮತ್ತು ತೊಡಕು: 1878ರಲ್ಲಿ ಡಚ್ಚರಾದ ಮೊಯೆನ್ಸ್ ಮತ್ತು ಕೊರ್ಟೆವೆಗ್ ಈ ವೇಗವನ್ನು ಗೋಡೆಯ ಬಿಗಿತ, ದಪ್ಪ, ನಾಳದ ಅಗಲ ಹಾಗೂ ರಕ್ತದ ಸಾಂದ್ರತೆಗಳಿಗೆ ಬೆಸೆದರು. ಈ ಸೂತ್ರದಲ್ಲಿ ಒತ್ತಡವೇ ಇಲ್ಲ ಎಂಬುದು ಗಮನಾರ್ಹ. ಒತ್ತಡದೊಂದಿಗೆ ಬಿಗಿತ ಹೇಗೆ ಏರುತ್ತದೆ ಎಂಬುದನ್ನು ಇನ್ನೊಂದು ಸೂತ್ರದಿಂದ ಸೇರಿಸಬೇಕಾಗುತ್ತದೆ.

ಹೃದಯದಿಂದ ಬೆರಳಿಗೆ 80 ಸೆಂ.ಮೀ. ದೂರ, ವೇಗ ಸೆಕೆಂಡಿಗೆ 8 ಮೀಟರ್ ಎಂದಿಟ್ಟುಕೊಂಡರೆ ಅಲೆಯ ಪಯಣ ಸೆಕೆಂಡಿನ ಹತ್ತನೇ ಒಂದು ಭಾಗ. ಅದರಲ್ಲಿ 5 ಮಿಲಿಸೆಕೆಂಡ್ ತಪ್ಪಿದರೆ ವೇಗ ಶೇ 5ರಷ್ಟು, ಬಿಗಿತ ಶೇ 10ರಷ್ಟು, ಒತ್ತಡ ಸುಮಾರು 6 ಮಿ.ಮೀ.ನಷ್ಟು ತಪ್ಪುತ್ತದೆ.

ಅಲ್ಲದೆ ವಯಸ್ಸು ಮತ್ತು ಸಕ್ಕರೆ ಕಾಯಿಲೆಯಿಂದಲೂ ಗೋಡೆ ಗಡುಸಾಗುತ್ತದೆ. ಚಳಿ, ತಂಬಾಕು, ಆತಂಕಗಳು ನಾಳದ ಸ್ನಾಯುವನ್ನು ಬಿಗಿಗೊಳಿಸುತ್ತವೆ. ಆದ್ದರಿಂದಲೇ ಇಂತಹ ಅನೇಕ ಸಾಧನಗಳನ್ನು ಆಗಾಗ ತೋಳುಪಟ್ಟಿಯ ಅಳತೆಗೇ ಹೊಂದಿಸಬೇಕಾಗುತ್ತದೆ.

ದೇಶದಲ್ಲಿ ಪ್ರಯತ್ನ: ಮದ್ರಾಸ್ ಐಐಟಿಯ ಆರೋಗ್ಯ ತಂತ್ರಜ್ಞಾನ ಕೇಂದ್ರವು 'ಆರ್ಟ್‌ಸೆನ್ಸ್' ಎಂಬ ಸಾಧನ ರೂಪಿಸಿದೆ. ಅದು ಚಿತ್ರ ತೆಗೆಯದೆಯೇ, ಅಲ್ಟ್ರಾಸೌಂಡ್ ಮೂಲಕ ಅಪಧಮನಿಯ ಬಿಗಿತವನ್ನು ಅಳೆಯುತ್ತದೆ. ಗೋಡೆಯ ಗುಣವನ್ನು ಊಹಿಸುವ ಬದಲು ನೇರವಾಗಿ ಅರಿಯುವ ದಾರಿ ಇದು.

ಸದ್ಯಕ್ಕೇನು?: ಐರೋಪ್ಯ ಹೃದ್ರೋಗ ಸಂಘದ 2024ರ ಮಾರ್ಗಸೂಚಿ ಚಿಕಿತ್ಸೆಯ ನಿರ್ಧಾರಕ್ಕೆ ಪಟ್ಟಿರಹಿತ ಸಾಧನಗಳನ್ನು ಶಿಫಾರಸು ಮಾಡಿಲ್ಲ. ಗಂಗಾವತಿಯ ಗದ್ದೆಯಿಂದಾಗಲಿ, ಯಲಬುರ್ಗಾದ ಎರೆಹೊಲದಿಂದಾಗಲಿ ಬಂದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐದು ನಿಮಿಷ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಪರೀಕ್ಷಿಸಿಕೊಳ್ಳುವುದೇ ಸೂಕ್ತ. ತೋಳು 10 ಸೆಂ.ಮೀ. ಕೆಳಗಿದ್ದರೂ ಅಳತೆ 7-8 ಮಿ.ಮೀ. ಹೆಚ್ಚು ತೋರುತ್ತದೆ. 140/90 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಮತ್ತೆ ಮತ್ತೆ ಬಂದರೆ ವೈದ್ಯರನ್ನು ಕಾಣಬೇಕು. ಗಡಿಯಾರ ಎಷ್ಟೇ ಕಡಿಮೆ ತೋರಿಸಿದರೂ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯಕ್ಕೆ ಆಹ್ವಾನ.