ಅಟ್ಟದ ಮೇಲಿನ ಆಟಿಕೆ ಮೊಮ್ಮಕ್ಕಳ ಕೈಗೆ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಹಳೆಯ ಮನೆಗಳ ಅಟ್ಟವನ್ನು ಹುಡುಕಿದರೆ ಏನಾದರೊಂದು ಮರದ ಆಟಿಕೆ ದೊರೆಯದೆ ಇರದು. ಮಗು ನಡೆ ಕಲಿತ ಮೂರು ಗಾಲಿಯ ತಳ್ಳುಗಾಡಿ, ಹಲಸಿನ ಮರದ ಆನೆ, ಬುಗುರಿ, ಚೆನ್ನೆಮಣೆ ಇವೆಲ್ಲ ಊರಿನ ಬಡಗಿಯೋ ಮನೆಯ ಅಜ್ಜನೋ ಬಿಡುವಿನಲ್ಲಿ ಕೆತ್ತಿಕೊಟ್ಟವು. ಘಟ್ಟದ ಮೇಲಿನಿಂದ ಉದ್ಯೋಗ, ವ್ಯಾಪಾರಗಳಿಗಾಗಿ ಇಳಿದುಬಂದ ನಮ್ಮ ಸಮಾಜದ ಕುಟುಂಬಗಳಲ್ಲಿ ಗೋಕಾಕದ, ಕಿನ್ನಾಳದ ಅಥವಾ ಚನ್ನಪಟ್ಟಣದ ಗೊಂಬೆಗಳೂ ಇರಬಹುದು. ಇವುಗಳನ್ನು ದುರಸ್ತಿ ಮಾಡಿ ಮೊಮ್ಮಕ್ಕಳಿಗೆ ಕೊಡಬೇಕೆಂಬ ಹಂಬಲ ಹಿರಿಯರಿಗೆ ಸಹಜ. ಆದರೆ ದುರಸ್ತಿಯೆಂದರೆ ಹೊಸ ಬಣ್ಣ ಬಳಿಯುವುದಲ್ಲ. ಮಾಡಿದ ಕೈಯ ಗುರುತನ್ನು ಉಳಿಸಿಕೊಂಡೇ ಮಗುವಿಗೆ ಅಪಾಯವಿಲ್ಲದಂತೆ ಮಾಡುವುದು.

ಮೊದಲ ಎಚ್ಚರಿಕೆ ಬಣ್ಣದ್ದು. ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ನಮ್ಮ ದೇಶದಲ್ಲಿ ರೂಪಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಇಷ್ಟು ಪ್ರಮಾಣದವರೆಗೆ ಅದು ನಿರಪಾಯವೆಂಬ ಮಿತಿಯೇ ಇಲ್ಲ. ಆದುದರಿಂದ ಹಳೆಯ ಎಣ್ಣೆ ಬಣ್ಣದ ಆಟಿಕೆಯನ್ನು ಮನೆಯೊಳಗೆ ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಲಾಗದು. ಆ ಧೂಳೇ ವಿಷ. ಬಣ್ಣ ಎದ್ದುಬರುತ್ತಿರುವ, ಅದು ಯಾವುದೆಂದು ತಿಳಿಯದ ಆಟಿಕೆಯನ್ನು ಗಾಜಿನ ಕಪಾಟಿನಲ್ಲಿ ನೆನಪಿಗೆ ಇರಿಸಿ, ಅದರ ಅಳತೆಯಂತೆ ಬಡಗಿಯಿಂದ ಇನ್ನೊಂದನ್ನು ಮಾಡಿಸುವುದೇ ವಿವೇಕ. ಕಂಡದ್ದನ್ನೆಲ್ಲ ಬಾಯಿಗಿಡುವ ಕೂಸಿಗೆ ಅಜ್ಜನ ಪ್ರೀತಿ ವಿಷವಾಗಬಾರದು.

ಚನ್ನಪಟ್ಟಣದ ಅರಗಿನ ಆಟಿಕೆಗಳ ರೀತಿ ಬೇರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಕಾವಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ಇಂತಹ ಆಟಿಕೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗು ಕರಗುವುದು, ಸುಡುಬಿಸಿಲಿನಲ್ಲಿಟ್ಟರೆ ಮೆತ್ತಗಾಗುವುದು. ಮೆತ್ತನೆಯ ಒಣಬಟ್ಟೆಯೇ ಸಾಕು. ಕಿನ್ನಾಳದ ಕಲಾವಿದರು ಮರದ ಪುಡಿಯನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಗೊಂಬೆಯ ಸಂದುಗಳನ್ನು ತುಂಬುವ ಪದ್ಧತಿಯಿದೆ. ಬಣ್ಣವಿಲ್ಲದ ಮರದ ಸಣ್ಣ ಬಿರುಕುಗಳಿಗೆ ನಾವೂ ಇದನ್ನು ಅನುಸರಿಸಬಹುದು.

ಕರಾವಳಿಯ ನಿಜವಾದ ಶತ್ರು ತೇವ. ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಈ ಭಾಗದಲ್ಲಿ ಮರವು ಮಳೆಗಾಲಕ್ಕೆ ಉಬ್ಬಿ ಬೇಸಗೆಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಿಗಿಮಾಡಿದ ಬೆಸುಗೆ ಬೇಸಗೆಗೆ ಸಡಿಲವಾಗುವುದರಿಂದ, ಈ ಕೆಲಸಕ್ಕೆ ಜೂನಿಗೆ ಮುಂಚಿನ ಒಣ ದಿನಗಳೇ ಸೂಕ್ತ. ಸಣ್ಣ ತೂತುಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳು ಹಿಡಿದಿದೆಯೆಂದು ತಿಳಿಯಬೇಕು. ಮಕ್ಕಳ ಆಟಿಕೆಗೆ ಕೀಟನಾಶಕ ಸಲ್ಲದು. ಆ ಭಾಗವನ್ನು ಕೊಯ್ದು ಚೆನ್ನಾಗಿ ಒಣಗಿದ ಮರವನ್ನು ಕೂಡಿಸಬೇಕು. ತುಕ್ಕು ಹಿಡಿದ ಮೊಳೆಯ ಬದಲು ಮರದ ಗೂಟವೇ ಇರಲಿ. ಗಾಲಿ, ಗುಂಡಿಗಳು ಕಳಚಿ ಮಗುವಿನ ಗಂಟಲಿಗೆ ಸಿಕ್ಕದಂತೆ ಎಳೆದು ಪರೀಕ್ಷಿಸಬೇಕು.

ನಮ್ಮಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆ ಹಚ್ಚುವ ರೂಢಿಯುಂಟು. ಆದರೆ ಅದು ಒಣಗದು, ಜಿಡ್ಡಾಗಿ ಧೂಳನ್ನು ಹಿಡಿಯುವುದು. ಬಣ್ಣವಿಲ್ಲದ ಮರಕ್ಕೆ ಅಡುಗೆಗೆ ಬಳಸುವ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ವಾರಗಳ ಕಾಲ ಒಣಗಿಸುವುದು ಲೇಸು. ಸವರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ಮಗುವಿನ ಹಲ್ಲಿನ ಗುರುತು, ಸವೆದ ಹಿಡಿಕೆ, ಉಳಿಯ ಗೆರೆ ಇವುಗಳನ್ನು ಅಳಿಸಬೇಕಾಗಿಲ್ಲ; ಆಟಿಕೆಯ ಚರಿತ್ರೆ ಅಲ್ಲಿಯೇ ಇದೆ. ಕುಮಟಾ, ಹೊನ್ನಾವರಗಳಲ್ಲಿ ಕೆತ್ತನೆಯನ್ನೇ ಕುಲಕಸುಬಾಗಿಸಿಕೊಂಡ ಗುಡಿಗಾರರ ಪರಂಪರೆಯಿದೆ. ಊರೂರಿನಲ್ಲಿ ಬಡಗಿಗಳಿದ್ದಾರೆ. ಹಳೆಯದನ್ನು ಸರಿಪಡಿಸಿರೆಂದು ಕೇಳುವವರೇ ಇಲ್ಲವಾದರೆ ಸರಿಪಡಿಸುವ ಕೈಗಳೂ ಇಲ್ಲವಾಗುತ್ತವೆ. ಕಾಯಕಕ್ಕೆ ಗೌರವವೆಂಬುದು ಬರಿಯ ಮಾತಿನಿಂದ ಉಳಿಯದು. ಕೆಲಸ ಕೊಟ್ಟು, ತಕ್ಕ ಕೂಲಿ ಕೊಟ್ಟು ಉಳಿಸಬೇಕಾದದ್ದು.

ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಈ ಕೆಲಸ ನಡೆಯಲಿ. ಗೂಟ ಹೊಡೆಯುವುದನ್ನು, ಗಾಲಿ ಮತ್ತೆ ತಿರುಗುವುದನ್ನು ಅವರು ಕಣ್ಣಾರೆ ಕಾಣಲಿ. ಕೊನೆಗೆ ಆಟಿಕೆಯ ಅಡಿಯಲ್ಲಿ ಮಾಡಿದವರ ಹೆಸರು, ಸರಿಪಡಿಸಿದವರ ಹೆಸರು, ಇಸವಿ ಇಷ್ಟನ್ನು ಬರೆದಿಡಿ. ಮುಂದೆ ಅದನ್ನು ತಿರುಗಿಸಿ ನೋಡುವ ಮಗುವಿಗೆ ತನ್ನ ಮನೆತನದ ಒಂದು ಪುಟ ಅಲ್ಲಿ ಓದಸಿಗುತ್ತದೆ.